ಚೆಲ್ಲಿದರೆ ಚೆಲ್ಲಲಿ, ಮಗುವೇ ತಿನ್ನಲಿ

ಪ್ರಶ್ನೆ: ನನ್ನ ಮಗಳಿಗೆ ಈಗ ಒಂದು ವರ್ಷ ಎಂಟು ತಿಂಗಳು. ತಾನಾಗಿ ಒಂದು ತುತ್ತೂ ತಿನ್ನುವುದಿಲ್ಲ. ಮೊಬೈಲ್‌ನಲ್ಲಿ ಹಾಡು ಹಾಕಿ, ಮನೆಯೆಲ್ಲ ಅವಳ ಹಿಂದೆ ಓಡಾಡಿ ನಮ್ಮತ್ತೆ ತಿನ್ನಿಸುತ್ತಾರೆ. ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ತಟ್ಟೆ ಮುಂದಿಟ್ಟರೆ ಅನ್ನ ಎರಚುತ್ತಾಳೆ. ನಾವು ತಿನ್ನಿಸದಿದ್ದರೆ ಉಪವಾಸ ಇರುತ್ತಾಳೆ ಅಂತ ಅತ್ತೆಗೆ ಭಯ. ಏನು ಮಾಡಲಿ?
– ಹಾಸನದ ಓದುಗರು

ಉತ್ತರ: ಮೊದಲು ನಿಮ್ಮ ಅತ್ತೆಯವರ ಭಯದ ಬಗ್ಗೆ ಮಾತಾಡೋಣ. ಅದು ಹೋಗುವ ತನಕ ಮಗುವಿನ ಕೈಗೆ ತುತ್ತು ಬರುವುದಿಲ್ಲ.

ಹುಟ್ಟಿದಾಗ 3 ಕೆಜಿ ಇದ್ದ ಮಗು ವರ್ಷ ತುಂಬುವ ಹೊತ್ತಿಗೆ ಸುಮಾರು 9 ಕೆಜಿ ಆಗಿರುತ್ತದೆ. ಎರಡನೇ ವರ್ಷ ಪೂರ್ತಿ ಸೇರಿ ಹೆಚ್ಚುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಬೆಳವಣಿಗೆ ನಿಧಾನವಾದಾಗ ಹಸಿವೂ ಕಡಿಮೆಯಾಗುತ್ತದೆ. ಒಂದು ದಿನ ಚೆನ್ನಾಗಿ ತಿಂದು, ಮರುದಿನ ಎರಡೇ ತುತ್ತಿಗೆ ಮುಖ ತಿರುಗಿಸುವುದು ಈ ವಯಸ್ಸಿನಲ್ಲಿ ಮಾಮೂಲಿ. ಅಂಗನವಾಡಿಯಲ್ಲಿ ಗುರುತು ಹಾಕುವ ತೂಕದ ಗೆರೆ ಏರುತ್ತಿದ್ದು, ಮಗು ಲವಲವಿಕೆಯಿಂದ ಆಡಿಕೊಂಡಿದ್ದರೆ ಗಾಬರಿ ಬೇಡ. ಅತ್ತೆಯವರನ್ನೂ ತೂಕ ನೋಡಲು ಕರೆದುಕೊಂಡು ಹೋಗಿ. ನಿಮ್ಮ ಮಾತಿಗಿಂತ ಆ ಗೆರೆ ಅವರಿಗೆ ಜಾಸ್ತಿ ಧೈರ್ಯ ಕೊಡುತ್ತದೆ.

ಇನ್ನು ಹಸಿವಿನ ವಿಷಯ. ಊಟಕ್ಕೆ ಮುಂಚೆ ಹಾಲು, ಬಿಸ್ಕತ್ತು ಕೊಡುತ್ತಿದ್ದರೆ ನಿಲ್ಲಿಸಿ. ದಿನಕ್ಕೆ ಅರ್ಧ ಲೀಟರ್ ಹಾಲು ಧಾರಾಳವಾಯಿತು. ಅದಕ್ಕಿಂತ ಜಾಸ್ತಿಯಾದರೆ ಊಟ ಸೇರುವುದಿಲ್ಲ, ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆಯೂ ಬರಬಹುದು. ಮೊಬೈಲನ್ನು ಊಟದ ಹೊತ್ತಿಗೆ ಪೂರ್ತಿ ಬಿಡಿಸಲೇಬೇಕು. ಎರಡು ವರ್ಷದ ಒಳಗಿನ ಮಕ್ಕಳಿಗೆ ಮೊಬೈಲ್, ಟಿವಿ ಬೇಡವೆಂದು ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೇಳಿದೆ. ಹಾಡು ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ಏನು ತಿಂದೆ, ಹೊಟ್ಟೆ ತುಂಬಿತಾ ಅನ್ನುವುದೇ ಗೊತ್ತಾಗುವುದಿಲ್ಲ. ಮೊದಲ ಕೆಲವು ದಿನ ಅಳುತ್ತಾಳೆ, ನೀವು ಗಟ್ಟಿಯಾಗಿರಿ.

ಬೆಳಗಿನ ತಿಂಡಿಯಿಂದ ಶುರು ಮಾಡಿ. ಆಗ ಹಸಿವೂ ಚೆನ್ನಾಗಿರುತ್ತದೆ, ಇಡ್ಲಿ ದೋಸೆ ಹಿಡಿಯಲೂ ಸುಲಭ. ಎರಡೇ ಎರಡು ಇಡ್ಲಿ ತುಂಡು, ಬೆರಳುದ್ದದ ಒಂದು ದೋಸೆ ಚೂರು ಹಾಕಿ. ತಟ್ಟೆ ತುಂಬಾ ಹಾಕಿದರೆ ಎರಚಲು ದಾರಿ ಮಾಡಿಕೊಟ್ಟಂತೆ. ಅವಳು ಮೊದಲು ಇಡ್ಲಿಯನ್ನು ಅಮುಕಿ ನೋಡುತ್ತಾಳೆ, ಬೆರಳಿಗೆ ಅಂಟಿದ್ದನ್ನು ನೆಕ್ಕುತ್ತಾಳೆ, ಆಮೇಲೆ ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಪ್ರತಿ ಸಲ ಬಾಯಿ ಒರೆಸಲು ಹೋಗಬೇಡಿ. ಕಲಿಕೆ ನಡೆಯುವುದೇ ಹೀಗೆ. ಕೆಳಗೊಂದು ಹಳೇ ಪಂಚೆ ಹಾಸಿದರೆ ಒರೆಸುವ ಕೆಲಸ ಕಡಿಮೆ.

ಚಮಚ ಕೊಟ್ಟರೆ ಬಾಯಿ ಹತ್ತಿರ ಬರುವಷ್ಟರಲ್ಲಿ ಮಗುಚಿಕೊಳ್ಳುತ್ತದೆ, ಅಲ್ವಾ? ಅದು ತುಂಟತನವಲ್ಲ, ಮಣಿಕಟ್ಟಿನ ಹಿಡಿತ ಇನ್ನೂ ಬಂದಿಲ್ಲ. ಹಾಗಾಗಿ ಸಾರನ್ನ ಬೇಡ. ಗಟ್ಟಿ ಮೊಸರನ್ನ, ಮೆತ್ತಗಿನ ಪೊಂಗಲ್, ಕಿವುಚಿದ ಗೆಣಸು ಇಂಥವು ಚಮಚಕ್ಕೆ ಅಂಟಿಕೊಂಡು ಬಾಯಿ ತಲುಪುತ್ತವೆ. ಅವಳಿಗೊಂದು, ನಿಮಗೊಂದು ಚಮಚ ಇಟ್ಟುಕೊಳ್ಳಿ. ಅವಳು ಸೋತಾಗ ಒಂದೆರಡು ತುತ್ತು ನೀವು ಕೊಟ್ಟರೆ ತಪ್ಪಿಲ್ಲ.

ಅತ್ತೆಯವರು ತಮ್ಮ ತಟ್ಟೆಯೊಂದಿಗೆ ಅವಳ ಎದುರು ಕೂರಲಿ. ಅಜ್ಜಿ ಕಲಸಿ ತಿನ್ನುವುದನ್ನು ನೋಡುವಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಎರಚಲು ಶುರು ಮಾಡಿದರೆ ಸಾಮಾನ್ಯವಾಗಿ ಸಾಕಾಯಿತು ಎಂದರ್ಥ. ಬೈಯದೆ, ನಗದೆ ತಟ್ಟೆ ತೆಗೆದುಬಿಡಿ. ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ. ಮುಂದಿನ ತಿಂಡಿ ಅಥವಾ ಊಟದ ಹೊತ್ತಿನವರೆಗೆ ನೀರು ಸಾಕು, ಮಧ್ಯದ ತಿಂಡಿ ಅದರ ಹೊತ್ತಿಗೇ ಬರಲಿ.

ಒಂದು ಎಚ್ಚರಿಕೆ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಸೀಳದ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಓಡಾಡುತ್ತಾ ತಿನ್ನುವುದೂ ಅಪಾಯ. ತಿನ್ನುವಾಗ ಯಾರಾದರೂ ಪಕ್ಕದಲ್ಲೇ ಇರಬೇಕು. ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮು ಬಂದರೆ, ಗಟ್ಟಿ ಆಹಾರವನ್ನೇ ಒಲ್ಲೆ ಎಂದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ. ತಾನೇ ಊಟ ಮಾಡುತ್ತಾನೆ, ಆದರೆ ಎಡಗೈಯಲ್ಲಿ. ಬಲಗೈಗೆ ಬದಲಿಸಬೇಕಾ?
– ಶಿರಸಿಯ ಓದುಗರು

ಉತ್ತರ: ಬೇಡ. ಕೈ ಹಿಡಿದೆಳೆಯುವುದು, ಹೊಡೆಯುವುದು ಖಂಡಿತ ಬೇಡ. ಯಾವ ಕೈ ಬಲವಾದದ್ದು ಎಂಬುದು ಎರಡರಿಂದ ನಾಲ್ಕು ವರ್ಷದೊಳಗೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮನೆಯ ಹಿರಿಯರು ಏನಾದರೂ ಅಂದರೆ, ತಿನ್ನುವ ಮುಂಚೆ ಎರಡೂ ಕೈ ಸೋಪು ಹಾಕಿ ತೊಳೆದಿದ್ದೇವೆ ಎಂದು ಹೇಳಿ. ಒಂದು ಮಾತ್ರ ಗಮನಿಸಿ: ಆಟ ಆಡುವಾಗ, ಚೆಂಡು ಹಿಡಿಯುವಾಗ ಬಲಗೈಯನ್ನೂ ಸರಾಗವಾಗಿ ಬಳಸುತ್ತಾನಾ? ಆ ಕೈಯನ್ನು ಮುಷ್ಟಿ ಕಟ್ಟಿ ಸುಮ್ನೆ ಇಟ್ಟುಕೊಂಡಿರುತ್ತಾನೆ ಅಥವಾ ಅವನಿಗೆ ಒಂದೂವರೆ ವರ್ಷ ತುಂಬುವ ಮುಂಚಿನಿಂದಲೇ ಒಂದೇ ಕೈಯಲ್ಲಿ ಎಲ್ಲ ಮಾಡುತ್ತಿದ್ದ ಎಂದಾದರೆ ತಡಮಾಡದೆ ವೈದ್ಯರ ಬಳಿ ಹೋಗಿ.