ಪರದೆಗೆ ಚಿಲಕ ಇರಲ್ಲ

ಪ್ರಶ್ನೆ: ಅಮೆರಿಕದಲ್ಲಿ ಟ್ರಕ್ ಲೈಸೆನ್ಸ್ ಪಡೆದಿದ್ದೇನೆ. ಇನ್ನು ನಾಲ್ಕು ವಾರ ಗಂಡಸು ಟ್ರೇನರ್ ಜೊತೆ ಒಂದೇ ಟ್ರಕ್ಕಿನಲ್ಲಿ ಇರಬೇಕಂತೆ. ಹೆಣ್ಣು ಟ್ರೇನರ್ ಬೇಕು ಅಂತ ಹಟ ಹಿಡಿಯಲೇ?
– ಓದುಗರು, ಡಲ್ಲಾಸ್

ಉತ್ತರ: ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ನಾನೂ ಅಂಥ ಟ್ರಕ್ಕಿನಲ್ಲೇ ಕಲಿತವಳು. ಸೀಟಿನ ಹಿಂದೆ ಮಲಗಲು ಮೇಲೊಂದು ಮಂಚ, ಕೆಳಗೊಂದು ಮಂಚ, ಮುಂದೆ ಒಂದು ಪರದೆ. ಪರದೆಗೆ ಚಿಲಕ ಇರಲ್ಲ. ಗೇರ್ ಮೇಲಿದ್ದ ನನ್ನ ಕೈಮೇಲೆ ಟ್ರೇನರ್ ಕೈ ಬಂತು, ಹೋಗಲೇ ಇಲ್ಲ. ಆಫೀಸಿಗೆ ಫೋನ್ ಮಾಡಿದರೆ "ಇನ್ನೊಂದು ವಾರ ಸಹಿಸ್ಕೊ" ಎಂದರು. ಮುಂದಿನ ಟ್ರಕ್ ಸ್ಟಾಪ್‌ನಲ್ಲಿ ಚೀಲ ಎತ್ತಿಕೊಂಡು ಇಳಿದೆ. ಇವತ್ತಿಗೂ ಅದು ಸರಿ ಅಂತಲೇ ನನ್ನ ಮಾತು.

ಹೆಣ್ಣು ಟ್ರೇನರ್ ಕೇಳಿ, ತಪ್ಪೇನಿಲ್ಲ. ಆದರೆ ಅವರು ಕಡಿಮೆ. ಹೆಂಗಸರಿಗೆ ಹೆಂಗಸರೇ ಕಲಿಸಬೇಕೆಂಬ ಒಂದು ಕಂಪನಿಯ ನಿಯಮದಿಂದ ಹೆಂಗಸರು ಕೆಲಸಕ್ಕೆ ಕಾಯುತ್ತಾ ಕೂರಬೇಕಾಯಿತು. ಅದು ತಾರತಮ್ಯ ಎಂದು 2014ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ಹಾಗಾಗಿ ಪಟ್ಟು ಬೇರೆ ಕಡೆ ಹಿಡಿಯಿರಿ. ರಾತ್ರಿ ಗಾಡಿ ನಿಂತಾಗ ನಿಮಗೆ ಮೋಟೆಲ್ ರೂಮ್ ಕೊಡ್ತಾರಾ? ನಡುದಾರಿಯಲ್ಲಿ ಇಳಿದರೆ ಮನೆಗೆ ಟಿಕೆಟ್ ಯಾರದು? ಟ್ರೇನರ್ ಬದಲಿಸಲು ಯಾರಿಗೆ ಹೇಳಬೇಕು? ಹೊರಡುವ ಮೊದಲೇ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಬಾಯಿಮಾತು ಬೇಡ.

ಏನಾದರೂ ನಡೆದರೆ ದಿನ, ಹೊತ್ತು, ಹೆದ್ದಾರಿಯ ಮೈಲಿ ಸಂಖ್ಯೆ ಬರೆದಿಡಿ. ಅಪಾಯ ಅನಿಸಿದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಕೆಲಸದಲ್ಲಿನ ತಾರತಮ್ಯ, ಕಿರುಕುಳದ ದೂರು ಕೇಳುವ ಸಮಾನ ಉದ್ಯೋಗಾವಕಾಶ ಆಯೋಗಕ್ಕೂ (EEOC) ದೂರು ಕೊಡಬಹುದು. ಗಡುವು 180 ದಿನ, ಹಲವು ರಾಜ್ಯಗಳಲ್ಲಿ 300. ಕಾಯಬೇಡಿ. ಫೋನ್, ಚಾರ್ಜರ್, ಲೈಸೆನ್ಸ್, ಸ್ವಲ್ಪ ದುಡ್ಡು ಸೊಂಟದ ಚೀಲದಲ್ಲೇ ಇರಲಿ, ಮಲಗುವಾಗಲೂ.