ಕ್ಯಾಲೆಂಡರ್ ಹಾಳೆಯ ಹಿಂದಿನ ಲೆಕ್ಕ

ರೇಣುಕಾ ಅಂತ ಕರೆಯೋಣ, ನಿಜವಾದ ಹೆಸರು ಬೇರೆ. ಸಿಂಧನೂರು ಕಡೆಯ ಹಳ್ಳಿ. ಪಿಯುಸಿ ಸೈನ್ಸ್‌ನಲ್ಲಿ ಶೇ. 62. ಅಪ್ಪ ಎರಡು ಎಕರೆ ಲೀಜಿಗೆ ಹಿಡಿದು ಭತ್ತ ಬೆಳೆಯುತ್ತಾರೆ, ಅವ್ವ ನಾಟಿ ಕೂಲಿಗೆ ಹೋಗುತ್ತಾರೆ.

ಮುಂದೆ ಏನು ಓದಿಸೋದು ಅಂತ ಕೇಳಲು ನನ್ನ ಹತ್ತಿರ ಬಂದಿದ್ದರು. ಕೂತವರೇ ಅಪ್ಪ ಅಂಗಿ ಜೇಬಿನಿಂದ ಮಡಿಚಿದ ಕ್ಯಾಲೆಂಡರ್ ಹಾಳೆ ತೆಗೆದರು. ಹಿಂದುಗಡೆ ಏಜೆಂಟ್ ಪೆನ್ನಿನಲ್ಲಿ ಬರೆದಿದ್ದ: ಫೀಸು 90,000, ಹಾಸ್ಟೆಲ್ 60,000, ಗುಣಿಸು 3, ಒಟ್ಟು 4.5 ಲಕ್ಷ. ಬೆಂಗಳೂರಿನ ಒಂದು ಕಾಲೇಜು, ಬಿಎಸ್ಸಿ ಆಪರೇಷನ್ ಥಿಯೇಟರ್ ಟೆಕ್ನಾಲಜಿ. ಆಗಲೇ 10,000 ಅಡ್ವಾನ್ಸ್ ಕೊಟ್ಟು, ಹುಡುಗಿಯ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಅವನ ಕೈಗೆ ಇಟ್ಟು ಬಂದಿದ್ದರು.

‘ದವಾಖಾನ್ಯಾಗ ಕೆಲಸ ಗ್ಯಾರಂಟಿ ಅಂದಾನ್ರೀ ಸರ್’ ಅಂದರು.

ದುಡ್ಡು ಎಲ್ಲಿಂದ ಅಂತ ಕೇಳಿದೆ. ಊರಿನ ಸಾಹುಕಾರರ ಹತ್ತಿರ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಅದೇ ಹಾಳೆಯ ಕೆಳಗೆ ನಾನೂ ಬರೆದೆ. 4.5 ಲಕ್ಷಕ್ಕೆ ಬರೀ ಬಡ್ಡಿಯೇ ತಿಂಗಳಿಗೆ 13,500. ನಾನು ಕಂಡ ಹಾಗೆ ಖಾಸಗಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ಟೆಕ್ನಿಷಿಯನ್‌ಗೆ ಕೈಗೆ ಸಿಗುವುದೂ ಹೆಚ್ಚುಕಮ್ಮಿ ಅಷ್ಟೇ. ಇನ್ನೊಂದು ವಿಷಯ ಏಜೆಂಟ್ ಹೇಳಿಯೇ ಇರಲಿಲ್ಲ, ಆ ಕೋರ್ಸು 3 ವರ್ಷದ ಓದಿನ ಮೇಲೆ 1 ವರ್ಷ ಇಂಟರ್ನ್‌ಶಿಪ್, ಅಂದರೆ ಬೆಂಗಳೂರಲ್ಲಿ ನಾಲ್ಕನೇ ವರ್ಷದ ಊಟ, ಬಾಡಿಗೆ ಕೂಡ ಇವರ ತಲೆ ಮೇಲೆ. ಅಪ್ಪ ಹಾಳೆಯನ್ನೇ ನೋಡುತ್ತಾ ಕೂತರು. ಕೋರ್ಸು ಕೆಟ್ಟದ್ದೇನಲ್ಲ, ಅದನ್ನೂ ಹೇಳಿದೆ. ಆದರೆ ನರ್ಸಿಂಗ್‌ಗೆ ಇರುವಷ್ಟು ಸರ್ಕಾರಿ ಹುದ್ದೆ ಅದಕ್ಕಿಲ್ಲ.

ಆಮೇಲೆ ಸುಮ್ನೆ ಕೇಳಿದ್ದು, ಸಿಇಟಿ ಬರೆದಿದ್ದೀಯಾ ಅಂತ. ಬರೆದಿದ್ದಳು! ಲೆಕ್ಚರರ್ ಒಬ್ಬರು ಬೈದು ಅರ್ಜಿ ಹಾಕಿಸಿ, 371ಜೆ (ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ), ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲ ಕಾಲಂ ತುಂಬಿಸಿದ್ದರಂತೆ. ಆ ಪುಣ್ಯಾತ್ಮರಿಗೆ ಕೈ ಮುಗಿಯಬೇಕು. ‘ಅದು ಎಂಜಿನಿಯರಿಂಗ್‌ನವರಿಗೆ ಅಲ್ರೀ ಸರ್?’ ಅಂದಳು ಹುಡುಗಿ. ಬಿಎಸ್ಸಿ ನರ್ಸಿಂಗ್ ಸೀಟೂ ಸಿಇಟಿ ನಡೆಸುವ ಕೆಇಎ ಮೂಲಕವೇ ಹಂಚಿಕೆ ಆಗುತ್ತದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70% ಸೀಟು ಆ ಭಾಗದ ಮಕ್ಕಳಿಗೇ ಮೀಸಲು ಅನ್ನುವುದೂ ಗೊತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಮೊದಲು ಮಾರ್ಕ್ಸ್ ಕಾರ್ಡ್ ವಾಪಸ್ ತನ್ನಿ, ಅಡ್ವಾನ್ಸ್ ಹೋದರೆ ಹೋಗಲಿ, ಅದಕ್ಕಾಗಿ ಜಗಳ ಆಡುತ್ತಾ ಕೂತರೆ ದಾಖಲೆ ಪರಿಶೀಲನೆ ದಿನ ಕೈಯಲ್ಲಿ ಒರಿಜಿನಲ್ ಇರುವುದಿಲ್ಲ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ಬಳ್ಳಾರಿ, ಹುಬ್ಬಳ್ಳಿಯ ಸರ್ಕಾರಿ ನರ್ಸಿಂಗ್ ಕಾಲೇಜುಗಳನ್ನು ಮೇಲೆ ಹಾಕು, ಅದರ ಕೆಳಗೆ ಸ್ವಂತ ಆಸ್ಪತ್ರೆ ಇರುವ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು. ಸೀಟು ಸಿಕ್ಕ ವಾರದಲ್ಲೇ ರಾಜ್ಯ ಸರ್ಕಾರದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಹಾಕು. ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ, ವಸತಿಗೆ ಅಂತ ಸರ್ಕಾರ ಕೊಡುವ ದುಡ್ಡು. ದುಡ್ಡು ತಡವಾಗಿ ಬರುತ್ತದೆ, ಮೊದಲ ಆರು ತಿಂಗಳಿಗೆ ಬೇರೆ ಏನಾದರೂ ಮಾಡಿಕೊಳ್ಳಬೇಕು. ಸಾಲ ಬೇಕೇ ಬೇಕು ಅಂದರೆ ಬ್ಯಾಂಕಿಗೆ ಹೋಗಿ, 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವಂತಿಲ್ಲ.

ಸೀಟೇ ಸಿಗದಿದ್ರೆ? ಅವ್ವ ಕೇಳಿದ್ದು ಅದೊಂದೇ. ಸರ್ಕಾರಿ ನರ್ಸಿಂಗ್ ಶಾಲೆಯಲ್ಲಿ 3 ವರ್ಷದ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಲಿ ಅಂದೆ. ಕೆಲಸ ಮಾಡುತ್ತಲೇ ದುಡ್ಡು ಕೂಡಿಸಿ ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ದುಡಿದ ಜಿಎನ್ಎಂನವರು ಕೇಂದ್ರ ಸರ್ಕಾರದ ಏಮ್ಸ್‌ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆಯನ್ನೂ ಬರೆಯಬಹುದು, ಅಲ್ಲಿ ಮೂಲ ವೇತನವೇ 44,900. ಆ ಅಂಕಿಯನ್ನು ಅವ್ವ ಎರಡು ಸಲ ಹೇಳಿಸಿಕೊಂಡರು.

ಮಾರ್ಕ್ಸ್ ಕಾರ್ಡ್ ತರಲು ಅಪ್ಪ ಮೂರು ಸಲ ಅಲೆದರು. ಸೀಟು ಹಂಚಿಕೆಯ ಎರಡನೇ ಸುತ್ತಿನಲ್ಲಿ ಬಳ್ಳಾರಿ ಸಿಕ್ಕಿತು. 10,000 ಹೋದದ್ದು ಹೋಯಿತು. ಏಜೆಂಟ್ ಈಗಲೂ ಆಗಾಗ ಫೋನ್ ಮಾಡುತ್ತಾನಂತೆ, ಸಣ್ಣ ಮಗಳ ಪಿಯುಸಿ ಯಾವಾಗ ಮುಗಿಯುತ್ತೆ ಅಂತ.