ಮಧ್ಯಾಹ್ನ ಹೊರಟು ಅದೇ ಸಂಜೆ ಅಮೆರಿಕದಲ್ಲಿ ಇಳಿಯೋದು ಹೇಗೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇನೆ. ವಿಮಾನ ಹತ್ತುತ್ತಿರುವುದು ಇದೇ ಮೊದಲು. ಬೆಂಗಳೂರಿಂದ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ. ದೂರ ನೋಡಿದರೆ 14,000 ಕಿ.ಮೀ. ಮೂರೂವರೆ ಗಂಟೆಯಲ್ಲಿ ಹೋಗೋಕಾಗುತ್ತಾ?
– ಓದುಗರೊಬ್ಬರು, ಹಾಸನ

ಉತ್ತರ: ಅಮ್ಮಾ, ಟಿಕೆಟ್ ಸರಿಯಾಗೇ ಇದೆ. ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ಅಲ್ಲಿಯದು. ಮೇನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ನೀವು ಇಳಿಯುವಾಗ ಹಾಸನದಲ್ಲಿ ಮಾರನೇ ದಿನ ಬೆಳಗ್ಗೆ 6 ಗಂಟೆ. ಅಂದರೆ 16 ಗಂಟೆ ಪ್ರಯಾಣ. ವಾಪಸ್ ಬರುವಾಗ ಲೆಕ್ಕ ತಿರುವುಮುರುವು. ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ತಂದರಲ್ಲ, 2021ರ ಜನವರಿ 9ರ ರಾತ್ರಿ ಹೊರಟವರು ಬೆಂಗಳೂರಲ್ಲಿ ಇಳಿದದ್ದು 11ರ ಬೆಳಗಿನ ಜಾವ.

ಇನ್ನು ದೂರದ ಮಾತು. ವಿಮಾನಗಳಿಗೆ ರೂಟ್ ಹಾಕಿಕೊಡುವ ಡಿಸ್ಪ್ಯಾಚ್ ಕೆಲಸ ಮಾಡಿದವನು ನಾನು. 14,000 ಅನ್ನೋದು ಅತಿ ಹತ್ತಿರದ ಗೆರೆಯ ಅಳತೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಆದರೆ ವಿಮಾನ ಆ ದಾರದ ಮೇಲೇ ಹೋಗಲ್ಲ. ಟಿಬೆಟ್ ಮೇಲೆ ಹಾರೋದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಕ್ಯಾಬಿನ್‌ ಒಳಗಿನ ಒತ್ತಡ ಕೈಕೊಟ್ಟರೆ ಬೇಗ 10,000 ಅಡಿಗೆ ಇಳಿಸಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಗಾಳಿಯದು. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಕೆಲವೊಮ್ಮೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಜಾಸ್ತಿಯಾಗಿ 15,300 ಆಯಿತು. ಆದರೂ ಗಾಳಿ ಹಿಂದಿನಿಂದ ತಳ್ಳಿದ್ದರಿಂದ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು, ಮೊದಲಿಗಿಂತ ಹೆಚ್ಚುಕಮ್ಮಿ ಎರಡು ಗಂಟೆ ಬೇಗ! ಅದಕ್ಕೇ ಹೇಳೋದು, ಕಿ.ಮೀ. ನೋಡಿ ಗಂಟೆ ಲೆಕ್ಕ ಹಾಕಬೇಡಿ. ನೀವು ಹೋಗೋದೂ ಪೂರ್ವಕ್ಕೇ ಆದರೆ ಈ ಗಾಳಿ ನಿಮ್ಮ ಕಡೆಗಿರುತ್ತದೆ.

ಟಿಕೆಟ್‌ನಲ್ಲಿ ಡ್ಯೂರೇಷನ್ ಅಂತ ಇರೋದೇ ನಿಮಗೆ ಬೇಕಾದ ಅಂಕಿ. ಗೇಟ್ ಬಿಟ್ಟಾಗಿನಿಂದ ಆ ಕಡೆ ಗೇಟ್‌ಗೆ ಬಂದು ನಿಲ್ಲುವವರೆಗಿನ ಸಮಯ ಅದು. ರನ್‌ವೇ ಹತ್ತಿರ ಸಾಲಲ್ಲಿ ಕಾಯೋದೂ ಅದರಲ್ಲೇ ಬಂತು. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರಾದರೆ 16 ಗಂಟೆ ಪ್ರಯಾಣ ಅಂತ ಡಾಕ್ಟರಿಗೆ ಹೇಳಿ ವೇಳೆ ಬರೆಸಿಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ, ವಾಚು ಇಳಿಯುವವರೆಗೂ ನಮ್ಮ ಸಮಯದಲ್ಲೇ ಇರಲಿ. ಇಮಿಗ್ರೇಷನ್ ಸಾಲು ಉದ್ದ ಇರಬಹುದು. 5.30ಕ್ಕೆ ಅಮ್ಮ ಹೊರಗೆ ಬರಲಿಲ್ಲ ಅಂತ ಗಾಬರಿ ಬೀಳಬೇಡ ಅಂತ ಮಗಳಿಗೆ ಈಗಲೇ ಹೇಳಿಟ್ಟಿರಿ.